ಕೀಲಿ ತಿರುಗಿಸಿದರಷ್ಟೇ ಸಾಲದು

ಕಾರು ಕೊಳ್ಳುವುದು ಇಂದಿನ ಮಧ್ಯಮ ವರ್ಗದ ಮನೆಗಳಲ್ಲಿ ಅಚ್ಚರಿಯ ಸಂಗತಿಯಾಗಿ ಉಳಿದಿಲ್ಲ. ಬ್ಯಾಂಕುಗಳು ಸಾಲ ಕೊಡಲು ಕಾದು ಕುಳಿತಿವೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ದುಡಿಯುವ ಮಕ್ಕಳು ಊರಿನ ತಂದೆತಾಯಿಗೆಂದು ಕಾರು ತಂದು ನಿಲ್ಲಿಸುತ್ತಾರೆ. ಬಣ್ಣ, ಮೈಲೇಜು, ಮರುಮಾರಾಟದ ಬೆಲೆ ಇವುಗಳ ಬಗ್ಗೆ ನಾವು ಗಂಟೆಗಟ್ಟಲೆ ಚರ್ಚಿಸಬಲ್ಲೆವು. ಆದರೆ ಒಂದು ಬೆಳಿಗ್ಗೆ ಕೀಲಿ ತಿರುಗಿಸಿದಾಗ ಎಂಜಿನ್ ಮಿಸುಕದೆ ಹೋದರೆ ಈ ಪಾಂಡಿತ್ಯವೆಲ್ಲ ಆವಿಯಾಗುತ್ತದೆ. ಪದವಿ, ಹುದ್ದೆ, ಅನುಭವ ಎಲ್ಲವೂ ಇರುವ ಮನುಷ್ಯ ಬಾನೆಟ್ ಎತ್ತಿ ಒಳಗೆ ಇಣುಕಿ, ಏನೂ ತೋಚದೆ, ಮತ್ತೆ ಮುಚ್ಚಿ ಮೊಬೈಲ್ ಕೈಗೆತ್ತಿಕೊಳ್ಳುತ್ತಾನೆ.

ಮಹಾನಗರದಲ್ಲಿ ಇದು ಅರ್ಧ ದಿನದ ಕಿರಿಕಿರಿ ಅಷ್ಟೆ. ನಾನಿರುವ ಕೊಳ್ಳೇಗಾಲದಂಥ ಕಡೆ ಹಾಗಲ್ಲ. ಇಲ್ಲಿಂದ ಮೈಸೂರು ಸುಮಾರು 60 ಕಿ.ಮೀ. ದೂರ. ಕಾರಿಗೆ ದೊಡ್ಡ ಕಾಯಿಲೆ ಬಂದರೆ ನಮ್ಮ ಕಡೆಯ ಬಹುತೇಕರು ನೋಡುವುದು ಆ ಊರಿನ ದಾರಿಯನ್ನೇ. ಹನೂರು ಇನ್ನೂ ಸುಮಾರು 25 ಕಿ.ಮೀ. ಆಚೆಗಿದೆ. ಕೊಳ್ಳೇಗಾಲದಿಂದ ಹನೂರು, ರಾಮಾಪುರ, ಕೌದಳ್ಳಿ, ತಾಳಬೆಟ್ಟ ದಾಟಿ ಮಲೆ ಮಹದೇಶ್ವರ ಬೆಟ್ಟ ತಲುಪಲು ಸುಮಾರು 80 ಕಿ.ಮೀ. ಸಾಗಬೇಕು. ಇತ್ತ ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ದಾರಿ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಕಾಡನ್ನು ಹಾದು ಏರುತ್ತದೆ. ಎರಡೂ ಕಡೆ ಆನೆ ದಾಟುವ ರಸ್ತೆಗಳು. ಎರಡೂ ಕಡೆ ಕಾಡಿನ ನಡುವೆ ಮೊಬೈಲ್ ಸಂಪರ್ಕ ಸಿಕ್ಕೇ ಸಿಗುತ್ತದೆಂಬ ಭರವಸೆ ಇಲ್ಲ.

ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಈ ರಸ್ತೆಗಳ ಬದಿಯಲ್ಲಿ ಬಾನೆಟ್ ಎತ್ತಿ ನಿಂತ ಕಾರುಗಳನ್ನು ನೋಡುವುದು ನಮಗೆ ರೂಢಿಯಾಗಿಹೋಗಿದೆ. ಮಕ್ಕಳು, ಮುದುಕರು ಮರದ ನೆರಳಿನಲ್ಲಿ ಕುಳಿತಿರುತ್ತಾರೆ. ಹಾದು ಹೋಗುವವರು ಒಬ್ಬೊಬ್ಬರೂ ಒಂದೊಂದು ಸಲಹೆ ಕೊಟ್ಟು ಮುಂದೆ ಸಾಗುತ್ತಾರೆ. ಕೊನೆಗೆ ಯಾರೋ ಒಬ್ಬರು 'ನ್ಯೂಟ್ರಲ್ ಮಾಡಿ ಇಳಿಜಾರಿನಲ್ಲಿ ಬಿಡಿ, ತಾನಾಗಿಯೇ ಕೆಳಗಿಳಿಯುತ್ತದೆ' ಎನ್ನುತ್ತಾರೆ. ಎಲ್ಲ ಸಲಹೆಗಳ ಪೈಕಿ ಪ್ರಾಣಕ್ಕೆ ಎರವಾಗುವ ಸಲಹೆ ಇದೇ. ಎಂಜಿನ್ ನಿಂತ ಕಾರಿನಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತ ಶಕ್ತಿ ಎರಡು ಮೂರು ಸಲ ಪೆಡಲ್ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಬಳಿಕ ಪೆಡಲ್ ಕಲ್ಲಿನಂತೆ ಬಿಗಿಯುತ್ತದೆ. ಪವರ್ ಸ್ಟಿಯರಿಂಗ್ ಭಾರವಾಗುತ್ತದೆ. ಕೀಲಿ ಪೂರ್ತಿ ಹಿಂದಕ್ಕೆ ತಿರುಗಿದ್ದರೆ ಸ್ಟಿಯರಿಂಗೇ ಲಾಕ್ ಆಗಬಹುದು. ಘಾಟಿಯ ತಿರುವಿನಲ್ಲಿ ಇದರ ಪರಿಣಾಮ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅಂದರೆ ಕಾರು ಏಕೆ ಸ್ಟಾರ್ಟ್ ಆಗುತ್ತಿಲ್ಲ ಎಂಬುದನ್ನು ಅರಿಯುವುದು ಕೇವಲ ಹವ್ಯಾಸಿಗಳ ವಿಷಯವಲ್ಲ, ಸುರಕ್ಷತೆಯ ವಿಷಯ.

ನನ್ನ ವಾದ ಇಷ್ಟೇ. ಕಾರಿನ ನೂರೆಂಟು ಕಾಯಿಲೆಗಳಲ್ಲಿ ಮನೆಯಲ್ಲೇ ಪತ್ತೆಹಚ್ಚಬಹುದಾದದ್ದು, ಅನೇಕ ಬಾರಿ ಮನೆಯಲ್ಲೇ ಸರಿಪಡಿಸಬಹುದಾದದ್ದು ಈ ಸ್ಟಾರ್ಟಿಂಗ್ ತೊಂದರೆ. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಡ. ಹೈಸ್ಕೂಲಿನ ಭೌತವಿಜ್ಞಾನ, ಒಂದು ಮಲ್ಟಿಮೀಟರ್, ನಾಲ್ಕಾರು ಸ್ಪ್ಯಾನರ್ ಮತ್ತು ಕೊಂಚ ತಾಳ್ಮೆ ಸಾಕು. ಈ ಅರಿವನ್ನು ನಾವು ಕಳೆದುಕೊಂಡಿರುವುದು ನಮ್ಮ ಸೋಮಾರಿತನದಿಂದ ಮಾತ್ರವಲ್ಲ. ಅದನ್ನು ನಮ್ಮಿಂದ, ನಮ್ಮೂರಿನ ಮೆಕ್ಯಾನಿಕ್‌ಗಳಿಂದ ದೂರ ಇಡುವ ಒಂದು ವ್ಯವಸ್ಥೆಯೂ ಬೆಳೆದಿದೆ. ಮೂವತ್ತು ವರ್ಷ ಭೌತವಿಜ್ಞಾನ ಪಾಠ ಹೇಳಿದ ನನಗೆ ಈ ಎರಡೂ ಸಂಗತಿಗಳು ಸಮನಾಗಿ ಕಾಡುತ್ತವೆ.

ಹಾಗೆ ನೋಡಿದರೆ ಈ ಸೀಮೆಗೆ ವಿದ್ಯುತ್ತು ಹೊಸದೇನಲ್ಲ. ಕೊಳ್ಳೇಗಾಲದ ಗಡಿಯಲ್ಲೇ ಇರುವ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ ನಿದರ್ಶನಗಳು ಆ ಕಾಲದ ಜಗತ್ತಿನಲ್ಲೇ ಬೆರಳೆಣಿಕೆಯಷ್ಟಿದ್ದವು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿನಲ್ಲಿ ಬಂದದ್ದು ಅದಾದ ಹತ್ತು ವರ್ಷಗಳ ನಂತರ, 1912ರಲ್ಲಿ. ಅದಕ್ಕೂ ಮೊದಲು ಕಾರನ್ನು ಎಬ್ಬಿಸಲು ಮುಂಭಾಗದಲ್ಲಿ ಹ್ಯಾಂಡಲ್ ಹಾಕಿ ತಿರುವಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ನಮ್ಮ ಅಂಬಾಸಡರ್ ಕಾರುಗಳಲ್ಲಿ ಸೆಲ್ಫ್ ಇದ್ದರೂ ಹ್ಯಾಂಡಲ್ ಬಹುಕಾಲ ಡಿಕ್ಕಿಯಲ್ಲಿ ಉಳಿದಿತ್ತು. ಸೆಲ್ಫ್ ಎತ್ತದಿದ್ದರೆ ಡ್ರೈವರ್ ಗೊಣಗದೆ ಇಳಿದು ಹ್ಯಾಂಡಲ್ ಹೊಡೆಯುತ್ತಿದ್ದ.

ಆ ಕಾಲದ ವಾಹನಗಳು ತಮ್ಮ ಮಾಲೀಕರಿಗೆ ಪಾಠ ಹೇಳುತ್ತಿದ್ದವು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಓಡಿಸಿದ ನಮ್ಮ ತಲೆಮಾರಿನ ಶಿಕ್ಷಕರು, ಗುಮಾಸ್ತರು, ರೇಷ್ಮೆ ವ್ಯಾಪಾರಿಗಳಲ್ಲಿ ಪ್ಲಗ್ ಬಿಚ್ಚಿ ಉಜ್ಜಲು ಬಾರದವರು ಕಡಿಮೆ. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರ ಮೊದಲ ಮಾದರಿಗಳಲ್ಲೂ ಕಾರ್ಬುರೇಟರ್, ಚೋಕ್, ಡಿಸ್ಟ್ರಿಬ್ಯೂಟರ್ ಎಲ್ಲವೂ ಕಣ್ಣಿಗೆ ಕಾಣುವಂತಿದ್ದವು. ಬಳಿಕ ಕಾರ್ಬುರೇಟರ್ ಹೋಗಿ ಇಂಧನವನ್ನು ಅಳೆದು ಸಿಂಪಡಿಸುವ ಇಂಜೆಕ್ಟರ್‌ಗಳು ಬಂದವು. ಡಿಸ್ಟ್ರಿಬ್ಯೂಟರ್ ಜಾಗಕ್ಕೆ ಪ್ರತಿ ಪ್ಲಗ್‌ನ ಮೇಲೊಂದು ಕಾಯಿಲ್ ಬಂತು. ಎಲ್ಲವನ್ನೂ ಆಳುವ ಕಂಪ್ಯೂಟರ್ ಬಂತು. ಹೊಗೆ ಕಡಿಮೆಯಾಯಿತು, ಮೈಲೇಜು ಹೆಚ್ಚಿತು, ಕಾರು ಕೆಟ್ಟು ನಿಲ್ಲುವುದೂ ವಿರಳವಾಯಿತು. ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಆದರೆ ಬಾನೆಟ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಕಂಡ ಮಾಲೀಕ 'ಇದು ನನ್ನಿಂದಾಗದ್ದು' ಎಂದು ತೀರ್ಮಾನಿಸಿಬಿಟ್ಟ. ವಾಸ್ತವದಲ್ಲಿ ಆ ಮುಚ್ಚಳದ ಕೆಳಗೆ ಮೂಲತತ್ತ್ವ ಒಂದಿಷ್ಟೂ ಬದಲಾಗಿಲ್ಲ. ಎಂಜಿನ್ ತಿರುಗಬೇಕು, ಸರಿಯಾದ ಹೊತ್ತಿಗೆ ಕಿಡಿ ಹಾರಬೇಕು, ತಕ್ಕ ಪ್ರಮಾಣದ ಪೆಟ್ರೋಲ್ ಮತ್ತು ಗಾಳಿ ದೊರೆಯಬೇಕು. ಈ ಮೂರರಲ್ಲಿ ಯಾವುದು ತಪ್ಪಿದೆ ಎಂದು ಕೇಳುವುದೇ ರೋಗಪತ್ತೆ.

ಇದರ ಮೊದಲ ಉಪಕರಣ ಕಿವಿ. ಕೀಲಿ ತಿರುಗಿಸಿದಾಗ ಏನೂ ಸದ್ದಿಲ್ಲ, ಡ್ಯಾಶ್‌ಬೋರ್ಡಿನ ದೀಪಗಳೂ ಮಂಕು ಅಥವಾ ಪೂರ್ತಿ ಕತ್ತಲು ಎಂದಾದರೆ ಬ್ಯಾಟರಿ ಬರಿದಾಗಿದೆ, ಇಲ್ಲವೇ ಅದರ ತುದಿಗಳ ಹಿಡಿತ ಸಡಿಲವಾಗಿದೆ. 'ಟಿಕ್ ಟಿಕ್ ಟಿಕ್' ಎಂದು ಬಿಡದೆ ಬಡಿದುಕೊಂಡರೂ ಅದೇ ಅರ್ಥ: ಸ್ಟಾರ್ಟರ್‌ನ ಸೊಲೆನಾಯ್ಡ್ ಎಳೆಯಲು ಸಾಕಾಗುವಷ್ಟು ಶಕ್ತಿ ಇದೆ, ಮೋಟಾರ್ ತಿರುಗಿಸುವಷ್ಟು ಇಲ್ಲ. ದೀಪಗಳು ಪ್ರಖರವಾಗಿಯೇ ಇದ್ದು, ಒಂದೇ ಒಂದು 'ಟಕ್' ಸದ್ದು ಬಂದು ನಿಂತರೆ ಅನುಮಾನ ಸ್ಟಾರ್ಟರ್ ಮೋಟಾರಿನ ಮೇಲೆ ಅಥವಾ ಅದಕ್ಕೆ ಹೋಗುವ ದಪ್ಪ ತಂತಿಯ ಮೇಲೆ. ಮೋಟಾರ್ 'ಗಿರ್ರ್' ಎಂದು ಹಗುರವಾಗಿ ತಿರುಗಿ ಎಂಜಿನ್ ಮಾತ್ರ ಅಲುಗದಿದ್ದರೆ ಅದರ ಪಿನಿಯನ್ ಹಲ್ಲು ಎಂಜಿನ್‌ನ ಹಲ್ಲಿಗೆ ಕೂರುತ್ತಿಲ್ಲ. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ದೂರಿ ಫಲವಿಲ್ಲ; ಕಿಡಿ ಅಥವಾ ಪೆಟ್ರೋಲ್, ಎರಡರಲ್ಲಿ ಒಂದು ಬರುತ್ತಿಲ್ಲ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಮೆಕ್ಯಾನಿಕ್‌ಗೆ ಫೋನ್ ಮಾಡುವುದಾದರೂ 'ಸ್ಟಾರ್ಟ್ ಆಗ್ತಿಲ್ಲ' ಎನ್ನುವ ಬದಲು ಈ ವಿವರ ಹೇಳಿದರೆ ಆತ ತಕ್ಕ ಸಾಮಾನಿನೊಂದಿಗೆ ಬರಬಲ್ಲ.

ಅದಕ್ಕೂ ಮುನ್ನ ಕೆಲವು ಸರಳ ಸಂಗತಿಗಳನ್ನು ನೋಡಿಕೊಳ್ಳಬೇಕು. ಈಗಿನ ಅನೇಕ ಕಾರುಗಳಲ್ಲಿ ಕ್ಲಚ್ ಪೂರ್ತಿ ಒತ್ತದೆ ಸ್ಟಾರ್ಟರ್ ಕೆಲಸ ಮಾಡದು. ಆಟೋಮ್ಯಾಟಿಕ್ ಕಾರುಗಳಲ್ಲಿ ಗೇರ್ 'ಪಿ' ಅಥವಾ 'ಎನ್' ಸ್ಥಾನದಲ್ಲಿರಬೇಕು. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಅಥವಾ ಬೀಗದ ಚಿತ್ರದ ದೀಪ ಮಿನುಗುತ್ತಿದ್ದರೆ ಕಾರು ತನ್ನ ಕೀಲಿಯನ್ನು ಗುರುತಿಸುತ್ತಿಲ್ಲ ಎಂದರ್ಥ. ಎರಡನೆಯ ಕೀಲಿಯನ್ನು ಪ್ರಯೋಗಿಸಿ ನೋಡಬೇಕು. ಸ್ಟಾರ್ಟರನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಓಡಿಸಕೂಡದು. ನಡುನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ಹಟ ಹಿಡಿದು ತಿರುಗಿಸುತ್ತಲೇ ಹೋದರೆ ಚಿಕ್ಕ ದೋಷದ ಜೊತೆಗೆ ಬರಿದಾದ ಬ್ಯಾಟರಿ, ಸುಟ್ಟ ಮೋಟಾರ್ ಎರಡೂ ಸೇರಿಕೊಳ್ಳುತ್ತವೆ.

ಬ್ಯಾಟರಿಯ ವಿಚಾರದಲ್ಲಿ ಊಹೆಗೆ ಆಸ್ಪದವೇ ಇಲ್ಲ, ಏಕೆಂದರೆ ಅದನ್ನು ಅಳೆಯಬಹುದು. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಇದಕ್ಕೆ ಸಾಕು. ಕೆಲವು ಗಂಟೆ ಸುಮ್ಮನೆ ನಿಂತ ಕಾರಿನಲ್ಲಿ ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ವೋಲ್ಟ್ ಎಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿಳಿದಿದ್ದರೆ ಬಹುತೇಕ ಬರಿದು. ಸ್ಟಾರ್ಟರ್ ತಿರುಗುವ ಹೊತ್ತಿನಲ್ಲಿ ಅದು ನೂರಕ್ಕೂ ಹೆಚ್ಚು ಆಂಪಿಯರ್ ವಿದ್ಯುತ್ ಸೆಳೆಯುತ್ತದೆ. ಆಗ ವೋಲ್ಟೇಜು ಕುಸಿಯುವುದು ಸಹಜ. ಆದರೆ 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ದುರ್ಬಲವಾಗಿದೆ ಎಂದು ತಿಳಿಯಬೇಕು. ಎಂಜಿನ್ ಓಡುತ್ತಿರುವಾಗ 13.8ರಿಂದ 14.5 ವೋಲ್ಟ್ ಇರಬೇಕು. ಅಷ್ಟಿಲ್ಲದಿದ್ದರೆ ತಪ್ಪು ಬ್ಯಾಟರಿಯದಲ್ಲ, ಅದನ್ನು ತುಂಬಿಸುವ ಆಲ್ಟರ್ನೇಟರ್‌ನದು ಅಥವಾ ಅದರ ಬೆಲ್ಟಿನದು. ಈ ಒಂದು ಅಳತೆ ಮಾಡದೆ ಹೊಸ ಬ್ಯಾಟರಿ ಹಾಕಿಸಿ, ವಾರದೊಳಗೆ ಅದೂ ಬರಿದಾಗಿ ಅಂಗಡಿಯವನ ಜೊತೆ ಜಗಳವಾಡುವವರನ್ನು ನಾನು ಕಂಡಿದ್ದೇನೆ.

ಮಕ್ಕಳು ತಂದು ನಿಲ್ಲಿಸಿ ಹೋದ ಕಾರುಗಳ ಕಥೆಯೂ ಇಲ್ಲೇ ಬರುತ್ತದೆ. ಬೀಗ ಹಾಕಿ ನಿಂತ ಕಾರು ನಿದ್ರಿಸುತ್ತಿರುತ್ತದೆ ಎಂದು ನಾವು ತಿಳಿದಿದ್ದೇವೆ. ಅದರ ಕಂಪ್ಯೂಟರ್, ಗಡಿಯಾರ, ಕಳ್ಳಗಂಟೆಗಳು ನಿದ್ರಿಸುವುದಿಲ್ಲ. ಅವು ನಿರಂತರವಾಗಿ 50 ಮಿಲಿಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಳ್ಳಿ. 35 ಆಂಪಿಯರ್‌-ಗಂಟೆಯ ಸಣ್ಣ ಕಾರಿನ ಬ್ಯಾಟರಿ 700 ಗಂಟೆಗಳಲ್ಲಿ, ಅಂದರೆ 29 ದಿನಗಳಲ್ಲಿ ಪೂರ್ತಿ ಬರಿದಾಗುತ್ತದೆ. ಎಂಜಿನ್ ಎಬ್ಬಿಸುವ ಶಕ್ತಿಯಂತೂ ಅದಕ್ಕೂ ಎಷ್ಟೋ ಮೊದಲೇ ಕುಂದಿರುತ್ತದೆ. ಹಬ್ಬದಿಂದ ಹಬ್ಬಕ್ಕೆ ಹೊರಡುವ ಕಾರು ಹಬ್ಬದ ದಿನವೇ ಕೈಕೊಡುವುದರಲ್ಲಿ ಶನಿಕಾಟವೇನೂ ಇಲ್ಲ. ಇದು ಬರೀ ಭಾಗಾಕಾರದ ಲೆಕ್ಕ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸುವುದು ಅಥವಾ ದೀರ್ಘಕಾಲ ನಿಲ್ಲಿಸುವಾಗ ಋಣ ತುದಿಯನ್ನು ಕಳಚಿಡುವುದು ಇದಕ್ಕೆ ಮದ್ದು. ನಿಂತ ಕಾರಿಗೆ ನಮ್ಮ ಕಡೆ ಇನ್ನೊಂದು ಶತ್ರುವಿದೆ. ಅದು ಇಲಿ. ಗದ್ದೆ, ಹುಲ್ಲಿನ ಬಣವೆ, ಹಿಪ್ಪುನೇರಳೆ ತೋಟಗಳ ಪಕ್ಕದ ಮನೆಗಳಲ್ಲಿ ಎಂಜಿನ್‌ನ ಬಿಸಿಗೆ ಬಂದು ಗೂಡುಕಟ್ಟುವ ಇಲಿಗಳು ತಂತಿಯ ಹೊದಿಕೆಯನ್ನು ಕಡಿದು ಹಾಕುತ್ತವೆ. ಏಕಾಏಕಿ ಸ್ಟಾರ್ಟ್ ಆಗದ ಕಾರಿನ ಬಾನೆಟ್ ಎತ್ತಿದಾಗ ಒಣಹುಲ್ಲು, ಹಿಕ್ಕೆ ಕಂಡರೆ ಬೇರೆ ಶಾಸ್ತ್ರ ಕೇಳಬೇಕಾದ್ದಿಲ್ಲ.

ಬ್ಯಾಟರಿ ಸರಿಯಿದ್ದೂ ಸೆಲ್ಫ್ ಎತ್ತದಿದ್ದರೆ ನೋಡಬೇಕಾದದ್ದು ಹಿಡಿತಗಳನ್ನು. ತುದಿಗಳ ಮೇಲೆ ಬಿಳಿ, ಹಸಿರು ಹುಡಿ ಕೂತಿದ್ದರೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒರೆಸಿ, ಬಿಗಿದರೆ ಸಾಕು. ಅನೇಕ ಕಾರುಗಳು ಅಷ್ಟಕ್ಕೇ ಎದ್ದು ನಿಲ್ಲುತ್ತವೆ. ಇನ್ನೊಂದು ಎಲ್ಲರೂ ಮರೆಯುವ ತಂತಿಯಿದೆ. ಬ್ಯಾಟರಿಯ ಋಣ ತುದಿಯಿಂದ ಕಾರಿನ ಒಡಲಿಗೂ ಎಂಜಿನ್‌ಗೂ ಹೋಗುವ ಅರ್ಥಿಂಗ್ ತಂತಿ. ವಿದ್ಯುತ್ತು ಹೋಗಲು ದಾರಿಯಿದ್ದರೆ ಸಾಲದು, ಮರಳಲೂ ದಾರಿ ಬೇಕು. ಸ್ಟಾರ್ಟ್ ಮಾಡುವ ಹೊತ್ತಿನಲ್ಲಿ ಎಂಜಿನ್‌ನ ಲೋಹಕ್ಕೂ ಬ್ಯಾಟರಿಯ ಋಣ ತುದಿಗೂ ನಡುವೆ ಮೀಟರ್ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ತುಕ್ಕು ಕೂತಿದೆ.

ನನ್ನ ಅನುಭವದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಕಾರು ಬೆಳಗಿನ ಹೊತ್ತು ಒಂದು 'ಟಕ್' ಸದ್ದು ಮಾಡಿ ಸುಮ್ಮನಾಗತೊಡಗಿತು. ದೂರದೂರಿನ ಒಂದು ದೊಡ್ಡ ಕಾರ್ಯಾಗಾರದಲ್ಲಿ ನೋಡಿ, ಸ್ಟಾರ್ಟರ್ ಮೋಟಾರ್ ಪೂರ್ತಿ ಬದಲಿಸಬೇಕೆಂದು ಹಲವು ಸಾವಿರ ರೂಪಾಯಿಗಳ ಅಂದಾಜು ಪಟ್ಟಿ ಕೊಟ್ಟರು. ಯಾವ ಅಳತೆಯ ಆಧಾರದ ಮೇಲೆ ಈ ತೀರ್ಮಾನಕ್ಕೆ ಬಂದಿರಿ ಎಂದು ಕೇಳಿದೆ. ಉತ್ತರ ಬರಲಿಲ್ಲ. ಕಾರನ್ನು ಮನೆಗೆ ತಂದು ಅಳೆದು ನೋಡಿದರೆ ಅರ್ಥಿಂಗ್ ತಂತಿಯ ಬೋಲ್ಟಿನ ಅಡಿ ತುಕ್ಕು ಹಿಡಿದಿತ್ತು. ಮರಳು ಕಾಗದದಲ್ಲಿ ಉಜ್ಜಿ ಬಿಗಿದದ್ದೇ ಚಿಕಿತ್ಸೆ. ಆ ಕಾರ್ಯಾಗಾರದ ಹುಡುಗರು ಮೋಸಗಾರರೆಂದು ನಾನು ಹೇಳುತ್ತಿಲ್ಲ. ಭಾಗವನ್ನು ಬದಲಿಸುವುದನ್ನು ಮಾತ್ರ ಕಲಿಸಿ ದೋಷವನ್ನು ಹುಡುಕುವುದನ್ನು ಕಲಿಸದಿದ್ದರೆ, ಸಂಬಳಕ್ಕೆ ಮಾರಾಟದ ಗುರಿಯನ್ನು ಕಟ್ಟಿದರೆ ಯಾರೇ ಆದರೂ ಹಾಗೆಯೇ ಹೇಳುತ್ತಾರೆ. ಇಂಥ ಕಡೆ ಗ್ರಾಹಕನಿಗಿರುವ ರಕ್ಷಣೆ ಒಂದೇ: ಕೇಳಬೇಕಾದ ಪ್ರಶ್ನೆ ಅವನಿಗೆ ಗೊತ್ತಿರುವುದು.

ಎಂಜಿನ್ ತಿರುಗಿಯೂ ಹತ್ತಿಕೊಳ್ಳದಿದ್ದಾಗ ಮೊದಲು ಪೆಟ್ರೋಲ್ ಕಡೆ ಗಮನ ಕೊಡಿ. ಕೀಲಿಯನ್ನು 'ಆನ್' ಸ್ಥಾನಕ್ಕೆ ತಂದೊಡನೆ ಹಿಂದಿನ ಸೀಟಿನ ಕೆಳಗಿನಿಂದ ಒಂದೆರಡು ಸೆಕೆಂಡು ಸಣ್ಣ ಝೇಂಕಾರ ಕೇಳಿಸಬೇಕು. ಅದು ಇಂಧನ ಪಂಪು. ಕೇಳಿಸದಿದ್ದರೆ ಪಂಪಿನ ಫ್ಯೂಸು, ರಿಲೇಗಳನ್ನು ನೋಡಬೇಕು. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲೋ ಕೈಪಿಡಿಯಲ್ಲೋ ಅವುಗಳ ನಕ್ಷೆ ಇರುತ್ತದೆ. ಪೆಟ್ರೋಲ್ ವಾಸನೆ ಗಾಢವಾಗಿ ಬಂದರೆ ಎಂಜಿನ್ ಒಳಗೆ ಇಂಧನ ಹೆಚ್ಚಾಗಿ ಪ್ಲಗ್‌ಗಳು ನೆನೆದಿವೆ. ಕೆಲವು ನಿಮಿಷ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಸ್ಟಾರ್ಟ್ ಮಾಡಿದರೆ ಬಹುತೇಕ ಇಂಜೆಕ್ಷನ್ ಕಾರುಗಳಲ್ಲಿ ಪೆಟ್ರೋಲ್ ನಿಂತು ಗಾಳಿ ಮಾತ್ರ ಒಳಗೆ ಹೋಗುತ್ತದೆ. ಬಿಚ್ಚಿ ನೋಡಿದ ಪ್ಲಗ್ ತಾನೇ ಕಥೆ ಹೇಳುತ್ತದೆ: ತುದಿ ತಿಳಿಕಂದು ಬಣ್ಣವಿದ್ದರೆ ಆರೋಗ್ಯ, ಒಣ ಮಸಿ ಕಟ್ಟಿದ್ದರೆ ಇಂಧನ ಹೆಚ್ಚು, ಎಣ್ಣೆ ಜಿಡ್ಡಾಗಿದ್ದರೆ ಎಂಜಿನ್ ಒಳಗೆ ಸವೆತ, ಸುಣ್ಣದಂತೆ ಬೆಳ್ಳಗಿದ್ದರೆ ಅತಿ ಬಿಸಿ. ಡೀಸೆಲ್ ವಾಹನಗಳಲ್ಲಿ ಪ್ಲಗ್‌ನ ಕಿಡಿಯೇ ಇಲ್ಲ. ಅಲ್ಲಿ ಚಳಿಯ ಬೆಳಿಗ್ಗೆ, ಉದಾಹರಣೆಗೆ ಬಿಳಿಗಿರಿರಂಗನ ಬೆಟ್ಟದ ಮೇಲೆ, ಡ್ಯಾಶ್‌ಬೋರ್ಡಿನ ಸುರುಳಿ ಚಿತ್ರದ ದೀಪ ಆರುವವರೆಗೆ ಕಾದು ಸ್ಟಾರ್ಟ್ ಮಾಡಬೇಕು. ಫಿಲ್ಟರ್‌ನಲ್ಲಿ ಸಂಗ್ರಹವಾದ ನೀರನ್ನು ಆಗಾಗ ಹೊರಬಿಡಬೇಕು.

ಮನೆಯ ರಿಪೇರಿಗೆ ಗಡಿಗಳೂ ಇವೆ. ಅವನ್ನು ಹೇಳದೆ ಬರೀ ಉತ್ಸಾಹ ತುಂಬುವುದು ಬೇಜವಾಬ್ದಾರಿ. ಬ್ಯಾಟರಿಯ 12 ವೋಲ್ಟ್ ಮೈಗೆ ಹೊಡೆಯದು, ನಿಜ. ಆದರೆ ಅದರ ಎರಡು ತುದಿಗಳ ನಡುವೆ ಸ್ಪ್ಯಾನರ್ ಬಿದ್ದರೆ ಲೋಹ ಕಾದು ಕೆಂಪಾಗುತ್ತದೆ. ಕೈಯ ಉಂಗುರ, ಗಡಿಯಾರ ತೆಗೆದಿಡಬೇಕು. ಕಳಚುವಾಗ ಋಣ ತುದಿ ಮೊದಲು, ಜೋಡಿಸುವಾಗ ಅದು ಕೊನೆಗೆ. ಬ್ಯಾಟರಿಯೊಳಗಿರುವುದು ಗಂಧಕಾಮ್ಲ, ಅದರಿಂದ ಹೊರಬರುವುದು ಹೊತ್ತಿಕೊಳ್ಳುವ ಜಲಜನಕ; ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು. ಇನ್ನೊಂದು ಕಾರಿನಿಂದ ವಿದ್ಯುತ್ ಪಡೆಯುವಾಗ ಕೆಂಪು ತಂತಿಯನ್ನು ಬರಿದಾದ ಬ್ಯಾಟರಿಯ ಧನ ತುದಿಗೂ ಅನಂತರ ಒಳ್ಳೆಯ ಬ್ಯಾಟರಿಯ ಧನ ತುದಿಗೂ ಕೊಟ್ಟು, ಕಪ್ಪು ತಂತಿಯನ್ನು ಒಳ್ಳೆಯ ಬ್ಯಾಟರಿಯ ಋಣ ತುದಿಗೆ ಹಾಕಿ, ಕೊನೆಯ ತುದಿಯನ್ನು ಕೆಟ್ಟ ಕಾರಿನ ಬ್ಯಾಟರಿಗೆ ಹಾಕದೆ ದೂರದ ಎಂಜಿನ್ ಲೋಹಕ್ಕೆ ಹಿಡಿಸಬೇಕು. ಕಿಡಿ ಹಾರಿದರೂ ಆ ಅನಿಲದಿಂದ ದೂರ ಹಾರಲಿ ಎಂಬುದು ಇದರ ಮರ್ಮ. ಪಂಚೆ, ಶಲ್ಯ, ಸೆರಗು ಫ್ಯಾನಿನ ಬಳಿ ಬರಕೂಡದು. ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಫ್ಯಾನು ತಾನಾಗಿ ತಿರುಗುತ್ತದೆ. ಹಳೆಯ ಕಾಲದಂತೆ ಪ್ಲಗ್ ತಂತಿ ಎಳೆದು ಕಿಡಿ ನೋಡುವ ಪರಿಪಾಠವನ್ನು ಇಂದಿನ ಕಾರುಗಳಲ್ಲಿ ಕೈಬಿಡಬೇಕು. ಅಲ್ಲಿರುವುದು ಸಾವಿರಾರು ವೋಲ್ಟುಗಳು, ಕಾಯಿಲ್ ಮತ್ತು ಕಂಪ್ಯೂಟರ್ ಎರಡೂ ಕೆಡಬಹುದು. ಕಿತ್ತಳೆ ಬಣ್ಣದ ತಂತಿಗಳಿರುವ ಹೈಬ್ರಿಡ್, ವಿದ್ಯುತ್ ಕಾರುಗಳಲ್ಲಿ ಆ ತಂತಿಗಳ ತಂಟೆಗೆ ಹೋಗಲೇಬಾರದು. ಕತ್ತಲಾದ ಮೇಲೆ ಕಾಡಿನ ರಸ್ತೆಯಲ್ಲಿ ಕಾರು ನಿಂತರೆ ಬಾನೆಟ್ ಎತ್ತುವ ಸಾಹಸವನ್ನೂ ಮಾಡಬಾರದು. ಎಚ್ಚರಿಕೆಯ ದೀಪ ಹಾಕಿ ಒಳಗೇ ಕುಳಿತಿರುವುದು ಜಾಣತನ. ರೋಗಪತ್ತೆ ನಡೆಯಬೇಕಾದದ್ದು ಹೊರಡುವ ಹಿಂದಿನ ದಿನ, ಮನೆಯ ಅಂಗಳದಲ್ಲಿ.

'ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ಮೆಕ್ಯಾನಿಕ್‌ಗಳ ಹೊಟ್ಟೆಪಾಡೇನು?' ಎಂಬ ಪ್ರಶ್ನೆ ಸಹಜ. ಕೊಳ್ಳೇಗಾಲ, ಹನೂರು, ಯಳಂದೂರಿನ ಗ್ಯಾರೇಜುಗಳ ಹೊಟ್ಟೆಯ ಮೇಲೆ ಹೊಡೆಯುತ್ತಿರುವವರು ಟರ್ಮಿನಲ್ ತೊಳೆದುಕೊಳ್ಳುವ ಮಾಲೀಕರಲ್ಲ. ನನಗೆ ಬಹುಕಾಲದಿಂದ ಪರಿಚಯವಿರುವ ಮೆಕ್ಯಾನಿಕ್ ಒಬ್ಬರು ಒಮ್ಮೆ ಹೇಳಿದರು: 'ಮೇಷ್ಟ್ರೇ, ಕಾಯಿಲೆ ಗಾಡೀಲಿಲ್ಲ, ಕಂಪ್ನಿಯೋರ ಬೀಗದೊಳಗದೆ.' ಅವರ ಮಾತು ಅಕ್ಷರಶಃ ನಿಜ. 2010ರಿಂದೀಚೆಗೆ ಹಂತ ಹಂತವಾಗಿ ನಮ್ಮ ದೇಶದ ಹೊಸ ಕಾರುಗಳಲ್ಲಿ ತಮ್ಮ ದೋಷವನ್ನು ತಾವೇ ದಾಖಲಿಸಿಕೊಳ್ಳುವ ವ್ಯವಸ್ಥೆ ಕಡ್ಡಾಯವಾಯಿತು. ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ಅಗ್ಗದ ಸ್ಕ್ಯಾನರ್ ಸಿಕ್ಕಿಸಿದರೂ 'ಪಿ 0335' ಎಂಬಂಥ ಸಂಕೇತ ಕಾಣಿಸುತ್ತದೆ. ಎಂಜಿನ್ ತಿರುಗುತ್ತಿದೆಯೇ ಇಲ್ಲವೇ ಎಂದು ಕಂಪ್ಯೂಟರ್‌ಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್‌ನ ಸರ್ಕಿಟ್‌ನಲ್ಲಿ ತೊಂದರೆಯಿದೆ ಎಂದು ಅದರ ಅರ್ಥ. ಆ ಸಂದೇಶ ಬರದಿದ್ದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಇಷ್ಟರವರೆಗೆ ಸರಿ. ಆದರೆ ಕಂಪನಿಗೇ ವಿಶಿಷ್ಟವಾದ ಸಂಕೇತಗಳನ್ನು ಓದಲು, ಹೊಸ ಕೀಲಿಯನ್ನು ಕಾರಿಗೆ ಪರಿಚಯಿಸಲು, ಬದಲಿಸಿದ ಭಾಗವನ್ನು ಕಂಪ್ಯೂಟರ್ ಒಪ್ಪಿಕೊಳ್ಳುವಂತೆ ಮಾಡಲು ಕಂಪನಿಯ ತಂತ್ರಾಂಶವೇ ಬೇಕು. ಸಣ್ಣ ಊರಿನ ಗ್ಯಾರೇಜಿಗೆ ಅದು ಎಟಕುವುದಿಲ್ಲ.

ಇದು ಬರೀ ಗೊಣಗಾಟವಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಬಿಡಿಭಾಗಗಳನ್ನೂ ರೋಗಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದಕ್ಕಾಗಿ 14 ಕಾರು ತಯಾರಕ ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಆ ಆದೇಶ ಮೇಲ್ಮನವಿಗಳ ಹಾದಿ ಹಿಡಿಯಿತು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕು' ಕುರಿತು ಸಮಿತಿ ರಚಿಸಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಕರಣಗಳ ಜೊತೆಗೆ ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಒಂದು ಜಾಲತಾಣವೂ ಉದ್ಘಾಟನೆಯಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲೇ ಮತ ಹಾಕಿ, ಅಧಿಕೃತ ಕಾರ್ಯಾಗಾರಕ್ಕೆ ಸಿಗುವ ರೋಗಪತ್ತೆಯ ಮಾಹಿತಿ ಸ್ವತಂತ್ರ ಗ್ಯಾರೇಜಿಗೂ ಸಿಗಬೇಕೆಂಬ ಕಾನೂನಿಗೆ ಒಪ್ಪಿಗೆ ಕೊಟ್ಟಿದ್ದರು. ಜಾಲತಾಣದಲ್ಲಿ ಸಹಾಯವಾಣಿಯ ಸಂಖ್ಯೆಗಳನ್ನು ಹಾಕುವುದಕ್ಕೂ, ನ್ಯಾಯವಾದ ಬೆಲೆಗೆ ಮಾಹಿತಿ ಕೊಡಲೇಬೇಕೆಂದು ಕಾನೂನು ಮಾಡುವುದಕ್ಕೂ ಅಜಗಜಾಂತರ. ನಮಗೆ ಬೇಕಾಗಿರುವುದು ಎರಡನೆಯದು.

ಕಾನೂನಿಗಾಗಿ ಕಾಯದೆಯೂ ಮಾಡಬಹುದಾದ ಕೆಲಸಗಳಿವೆ. ಕಾರಿನ ಜೊತೆ ಕೊಡುವ ಕೈಪಿಡಿಯನ್ನು ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಮೊದಲನೆಯದು. ನಾನು ನೋಡಿದ ಕೈಪಿಡಿಗಳೆಲ್ಲ ಇಂಗ್ಲಿಷಿನವು. ಬೆಟ್ಟದ ರಸ್ತೆಯಲ್ಲಿ ಬಾಡಿಗೆ ಓಡಿಸುವ ಚಾಲಕನಿಗೆ ಅದರಿಂದೇನು ಪ್ರಯೋಜನ? ಎರಡನೆಯದು, 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಚಾಲನಾ ಶಾಲೆಗಳ ಪಠ್ಯದಲ್ಲಿ ವಾಹನದ ಯಂತ್ರಭಾಗಗಳ ಪ್ರಾಥಮಿಕ ಪಾಠವನ್ನು ಸೇರಿಸಿವೆ. ಕಾಗದದ ಮೇಲಿರುವ ಆ ಪಾಠವನ್ನು ಬಾನೆಟ್ ಎತ್ತಿ ಹೇಳಿಕೊಡುವಂತಾಗಬೇಕು. ಮೂರನೆಯದು, ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ನಡೆಸುವ ಐಟಿಐಗಳು ಸಂಜೆಯ ಹೊತ್ತು ಊರಿನ ಹಳೆಯ ಮೆಕ್ಯಾನಿಕ್‌ಗಳಿಗೆ ಸ್ಕ್ಯಾನರ್ ಬಳಕೆಯನ್ನು ಕಲಿಸಲಿ. ದುಬಾರಿ ಉಪಕರಣವೊಂದನ್ನು ತಾಲ್ಲೂಕಿನ ಗ್ಯಾರೇಜುಗಳು ಹಂಚಿಕೊಂಡು ಬಳಸುವ ವ್ಯವಸ್ಥೆ ಮಾಡಲಿ. ಕಿವಿಯಿಂದ ದೋಷ ಹಿಡಿಯಬಲ್ಲ ಐವತ್ತರ ಮೆಕ್ಯಾನಿಕ್ ಕೈಗೆ ಸ್ಕ್ಯಾನರ್ ಕೊಟ್ಟರೆ ಅವನ ಸಮ ಯಾವ ಕಾರ್ಯಾಗಾರದಲ್ಲೂ ಸಿಗಲಾರ.

ವಿದ್ಯುತ್ ಕಾರುಗಳ ಕಾಲ ಬರುತ್ತಿದೆ, ಇನ್ನು ಕಿಡಿ, ಪ್ಲಗ್‌ಗಳ ಮಾತೇಕೆ ಎನ್ನುವವರಿದ್ದಾರೆ. ಅವರು ಒಂದು ಸಂಗತಿಯನ್ನು ಗಮನಿಸಬೇಕು. ನೂರಾರು ವೋಲ್ಟಿನ ದೊಡ್ಡ ಬ್ಯಾಟರಿ ಹೊತ್ತ ವಿದ್ಯುತ್ ಕಾರಿನಲ್ಲೂ ಕಂಪ್ಯೂಟರ್, ಬೀಗ, ದೀಪಗಳನ್ನು ಎಚ್ಚರಿಸಲು ಸಾಮಾನ್ಯವಾಗಿ ಹಳೆಯ 12 ವೋಲ್ಟಿನ ಪುಟ್ಟ ಬ್ಯಾಟರಿಯೇ ಬೇಕು. ಅದು ಬರಿದಾದರೆ ಲಕ್ಷಾಂತರ ರೂಪಾಯಿಯ ಕಾರು ಬಾಗಿಲನ್ನೂ ಸರಿಯಾಗಿ ತೆರೆಯಲಾರದು. ಮಲ್ಟಿಮೀಟರ್ ಹಿಡಿಯಲು ಬಲ್ಲವನಿಗೆ ಆ ಕಾರೂ ಅಪರಿಚಿತವಲ್ಲ. ಬೀಗದ ಸಮಸ್ಯೆಯಂತೂ ಅಲ್ಲಿ ಇನ್ನಷ್ಟು ಬಿಗಿಯಾಗಲಿದೆ.

ನಾವು ಹಣ ಕೊಟ್ಟು ಕೊಂಡ ವಸ್ತುವಿನ ಒಳಗನ್ನು ತಿಳಿಯುವ ಹಕ್ಕು ನಮ್ಮದು. ಆ ಹಕ್ಕನ್ನು ಕೇಳುವ ಧೈರ್ಯ ಬರುವುದು ತಿಳಿಯುವ ಆಸಕ್ತಿ ಇದ್ದವರಿಗೆ ಮಾತ್ರ. ಸರ್ಕಾರ, ಕಂಪನಿಗಳು ಮಾಡಬೇಕಾದದ್ದನ್ನು ಮಾಡಲಿ ಎಂದು ಒತ್ತಾಯಿಸೋಣ. ಅದರ ಜೊತೆಗೆ ಈ ಭಾನುವಾರ ಮನೆಯ ಮಕ್ಕಳನ್ನೂ ಕರೆದುಕೊಂಡು ಬಾನೆಟ್ ಎತ್ತೋಣ. ಬ್ಯಾಟರಿ ಎಲ್ಲಿದೆ, ಅರ್ಥಿಂಗ್ ತಂತಿ ಎಲ್ಲಿ ಬಿಗಿದಿದೆ, ಫ್ಯೂಸ್ ಪೆಟ್ಟಿಗೆ ಯಾವುದು ಎಂದು ಹುಡುಕೋಣ. ಪಠ್ಯಪುಸ್ತಕದಲ್ಲಿ ಓಮ್‌ನ ನಿಯಮವನ್ನು ಬಾಯಿಪಾಠ ಮಾಡಿದ ಹುಡುಗಿಗೆ ಮೀಟರ್‌ನ ಮುಳ್ಳುಗಳನ್ನು ಕೊಟ್ಟು ಬ್ಯಾಟರಿ ಅಳೆಯಲು ಹೇಳಿ. ತೆರೆಯ ಮೇಲೆ 12.6 ಮೂಡಿದಾಗ ಆ ನಿಯಮ ಅವಳಿಗೆ ಮೊದಲ ಬಾರಿ ತನ್ನದೆನಿಸೀತು.